ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಡೀಫಾಲ್ಟ್ ಮೌಲ್ಯ

ದಾಖಲೆಯಲ್ಲಿ ಒಂದು ಆಟ್ರಿಬ್ಯೂಟನ್ನು ಬರೆಯದೆ ಬಿಟ್ಟಾಗ ಅದಕ್ಕೆ ಸಲ್ಲಬೇಕೆಂದು ಸ್ಕೀಮಾದಲ್ಲಿ ಮೊದಲೇ ಗೊತ್ತುಪಡಿಸಿದ ಮೌಲ್ಯವನ್ನು ಡೀಫಾಲ್ಟ್ ಮೌಲ್ಯ ಎನ್ನುತ್ತಾರೆ. ಎಕ್ಸ್‌ಎಂಎಲ್ ಸ್ಕೀಮಾ ಭಾಷೆಯು 2001ರ ಮೇ ತಿಂಗಳಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಪ್ರಕಟವಾಯಿತು.

ಕನ್ನಡ ವಿಕಿಪೀಡಿಯದ ಪುಟಗಳನ್ನು ರಫ್ತು ಮಾಡಿದಾಗ ದೊರೆಯುವ ಕಡತವು ಇದಕ್ಕೆ ಹತ್ತಿರದ ಉದಾಹರಣೆ. ಮೀಡಿಯಾವಿಕಿಯ ರಫ್ತು ಸ್ಕೀಮಾದಲ್ಲಿ ಭಾಷೆಯನ್ನು ಸೂಚಿಸುವ ‘ಲ್ಯಾಂಗ್’ ಆಟ್ರಿಬ್ಯೂಟ್ ಕಡ್ಡಾಯ. ಕನ್ನಡದ ಕಡತದಲ್ಲಿ ‘ಕೆಎನ್’ ಎಂಬ ಸಂಕೇತವನ್ನು ಬರೆದೇ ಇರಬೇಕು. ಕಡ್ಡಾಯವಾದುದಕ್ಕೆ ಡೀಫಾಲ್ಟ್ ಕೊಟ್ಟರೆ ಸ್ಕೀಮಾವೇ ದೋಷಯುಕ್ತವಾಗುತ್ತದೆ. ಖಾಲಿ ಜಾಗಕ್ಕೆ ಸಂಬಂಧಿಸಿದ ‘ಸ್ಪೇಸ್’ ಮಾತ್ರ ಐಚ್ಛಿಕ. ಅದರ ಡೀಫಾಲ್ಟ್ ‘ಪ್ರಿಸರ್ವ್’, ಅಂದರೆ ಇದ್ದಂತೆಯೇ ಉಳಿಸು ಎಂದರ್ಥ.

ದಾಖಲೆ ಸಿಂಧುವೆಂದು ತೀರ್ಮಾನವಾದರೂ ಡೀಫಾಲ್ಟ್ ಮೌಲ್ಯ ಪ್ರೋಗ್ರಾಮಿಗೆ ಕಾಣಿಸದಿರುವುದು ಸಾಮಾನ್ಯ ತೊಡಕು. ಅನೇಕ ಪರಿಶೀಲಕಗಳು ಸರಿ ತಪ್ಪುಗಳನ್ನಷ್ಟೇ ಹೇಳುತ್ತವೆ, ಮೂಲ ದಾಖಲೆಯನ್ನು ಮುಟ್ಟುವುದಿಲ್ಲ. ಪರೀಕ್ಷಕನು ಉತ್ತರಪತ್ರಿಕೆಯಲ್ಲಿ ಬಿಟ್ಟ ಸ್ಥಳವನ್ನು ತಾನೇ ತುಂಬುವುದಿಲ್ಲವಷ್ಟೆ. ಜಾವಾದ ‘ವ್ಯಾಲಿಡೇಟರ್’ನಲ್ಲಿ ಫಲಿತಾಂಶಕ್ಕೆಂದು ಎರಡನೆಯ ವಸ್ತುವನ್ನು ಒದಗಿಸಿದರೆ ಮೌಲ್ಯಗಳು ಅದರಲ್ಲಿ ಸೇರುತ್ತವೆ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್‌ನಲ್ಲಿ ಸ್ಕೀಮಾವನ್ನು ರಚಿಸುವಾಗಲೇ ‘ಆಟ್ರಿಬ್ಯೂಟ್ ಡೀಫಾಲ್ಟ್ಸ್’ ಆಯ್ಕೆಯನ್ನು ಚಾಲನೆಗೊಳಿಸಬೇಕು. ಅದು ತಾನಾಗಿ ಚಾಲನೆಯಲ್ಲಿರುವುದಿಲ್ಲ.

ಉದ್ಧರಣ ಚಿಹ್ನೆಗಳ ನಡುವೆ ಏನನ್ನೂ ಬರೆಯದಿದ್ದರೆ ಆಟ್ರಿಬ್ಯೂಟ್ ಇಲ್ಲವೆಂದಾಗದು; ಖಾಲಿ ಮೌಲ್ಯವೂ ಮೌಲ್ಯವೇ, ಡೀಫಾಲ್ಟ್ ಅಲ್ಲಿಗೆ ಬಾರದು. ಎಲಿಮೆಂಟುಗಳ ನಿಯಮ ಇದಕ್ಕೆ ತಿರುಗುಮುರುಗು: ಎಲಿಮೆಂಟ್ ಇದ್ದು ಅದರ ಒಳಗೆ ಏನೂ ಇಲ್ಲದಾಗ ಮಾತ್ರ ಡೀಫಾಲ್ಟ್ ಅನ್ವಯಿಸುತ್ತದೆ, ಎಲಿಮೆಂಟೇ ಇಲ್ಲದಿದ್ದರೆ ಅನ್ವಯಿಸುವುದಿಲ್ಲ.