ಫೋರ್ಕ್‌ಲಿಫ್ಟ್ ಯಾಕೆ ಉರುಳುತ್ತದೆ?

ಪ್ರಶ್ನೆ: ಮಗ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಸೇರಿದ್ದಾನೆ. ಅಷ್ಟು ಭಾರದ ಗಾಡಿಯೂ ಉರುಳುತ್ತದಂತೆ, ಹೌದೇ?
– ಓದುಗರು, ಅಗರಖೇಡ

ಉತ್ತರ: ಹೌದು. ಚಕ್ಕಡಿಯ ಹಿಂದೆ ಹೆಚ್ಚು ಕಣಿಕೆ ಹೇರಿದರೆ ನೊಗ ಮೇಲೇಳುವುದನ್ನು ಕಂಡಿರುತ್ತೀರಿ. ಇಲ್ಲೂ ಅದೇ ಲೆಕ್ಕ. ಮುಂದಿನ ಗಾಲಿಗಳೇ ತಕ್ಕಡಿಯ ನಡುಮುಳ್ಳು. ಒಂದು ಕಡೆ ಸರಕು, ಇನ್ನೊಂದು ಕಡೆ ಹಿಂಬದಿಯ ಕಬ್ಬಿಣದ ಭಾರ. ಗಾಲಿ ನಾಲ್ಕಿದ್ದರೂ ಹಿಂದಿನ ಅಚ್ಚು ನಡುವಿನ ಒಂದೇ ಗೂಟದ ಮೇಲೆ ತೂಗುವುದರಿಂದ ಗಾಡಿ ನಿಂತಿರುವುದು ಮೂರೇ ಬಿಂದುಗಳ ಮೇಲೆ, ನಮ್ಮ ಮೂರು ಕಲ್ಲಿನ ಒಲೆಯಂತೆ. ಸರಕು ಎತ್ತರಿಸಿಕೊಂಡೇ ತಿರುಗಿದರೆ ಪಕ್ಕಕ್ಕೆ ವಾಲುತ್ತದೆ. ವೇಗದ ತಿರುವಿನಲ್ಲಿ ಖಾಲಿ ಗಾಡಿಯೂ ಉರುಳೀತು.

ಆಗ ಜಿಗಿಯುವುದೇ ದೊಡ್ಡ ತಪ್ಪು. ತಲೆಯ ಮೇಲಿನ ಕಬ್ಬಿಣದ ಚಪ್ಪರ ಜಿಗಿದವನ ಮೇಲೆಯೇ ಬೀಳುತ್ತದೆ. ಬೆಲ್ಟ್ ಕಟ್ಟಿರಬೇಕು, ಸ್ಟೇರಿಂಗ್ ಬಿಗಿಯಾಗಿ ಹಿಡಿದು ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು.

ಪಕ್ಕದಲ್ಲಿ ನಿಂತವರ ಪಾಡು ಬೇರೆ. ಸ್ಟೇರಿಂಗ್ ತಿರುಗಿಸುವುದು ಹಿಂದಿನ ಗಾಲಿಗಳನ್ನು. ಹಾಗಾಗಿ ಗಾಡಿಯ ಬಾಲ ಹೊರಕ್ಕೆ ಬೀಸಿ ಬಡಿಯುತ್ತದೆ.

ಗೋದಾಮಿನ ಅಪಾಯ ಗಾಡಿಯದೊಂದೇ ಅಲ್ಲ. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಮಗನಿಗೆ ಹೇಳಿ: ಗಾಡಿ ತಾಗಿ ಸರಕು ಹೊತ್ತ ರ್‍ಯಾಕಿನ ಕಾಲು ಚೂರು ಬಾಗಿದರೂ ಅದು ಕುಸಿಯಬಹುದು, ಮುಚ್ಚಿಡದೆ ಅಂದೇ ತಿಳಿಸಲಿ.