ಮಾನಿಟರಿನ ಕೆಂಪು, ವೇಷದ ಕೆಂಪು

ಮುಂಬಯಿಗೆ ಮಳೆಗಾಲ ಬಂತೆಂದರೆ ಊರಿನ ಕಲಾವಿದರ ಯಕ್ಷಗಾನ ಪ್ರದರ್ಶನಗಳೂ ಬರುತ್ತವೆ. ಅವುಗಳ ಫೋಟೊ ತೆಗೆಯುವ ಹುಚ್ಚು ನಮ್ಮಲ್ಲಿ ಹಲವರಿಗಿದೆ. ಕಷ್ಟ ಶುರುವಾಗುವುದು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕುಳಿತಾಗ. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಕೆಂಪು, ಕಪ್ಪು, ಅವುಗಳ ನಡುವೆ ಸಾಲಾಗಿ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ. ಲ್ಯಾಪ್‌ಟಾಪ್ ಆ ಬಿಳಿಯನ್ನು ನೀಲಿಯಾಗಿ ತೋರಿಸಿದರೆ ನಾವು ಹಳದಿ ಸೇರಿಸುತ್ತೇವೆ. ಪ್ರಿಂಟ್ ಬಂದಾಗ ಚಿಟ್ಟಿ ಹಳೇ ಗೋಡೆಯ ಸುಣ್ಣದಂತೆ, ಕೆಂಪು ಇಟ್ಟಿಗೆಯಂತೆ. ಗಂಟೆಗಟ್ಟಲೆ ಕನ್ನಡಿ ಮುಂದೆ ಕುಳಿತು ಆ ಬಣ್ಣ ಬರೆದುಕೊಂಡವರಿಗೇ ಅಂಥ ಪ್ರಿಂಟ್ ಕೊಡಲು ಮನಸ್ಸು ಬರುವುದಿಲ್ಲ.

ಕ್ಯಾಲಿಬ್ರೇಶನ್ ಉಪಕರಣ ಯಾವುದು ಕೊಳ್ಳಲಿ ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದಿಷ್ಟು: ಸೆನ್ಸರ್ ನೋಡಿ ಕೊಳ್ಳಿ, ಸಾಫ್ಟ್‌ವೇರ್ ನೋಡಿ ದುಡ್ಡು ಸುರಿಯಬೇಡಿ.

ಪರದೆಯ ಮೇಲೆ ಇಡುವ ಆ ಪುಟ್ಟ ಸಾಧನದ ಹೆಸರು ಕಲರಿಮೀಟರ್. ಪರದೆ ಒಂದೊಂದೇ ಬಣ್ಣ ತೋರಿಸುತ್ತದೆ, ಇದು ಅಳೆಯುತ್ತದೆ, ತಪ್ಪಿದ್ದಷ್ಟನ್ನು ಸರಿದೂಗಿಸುವ ಪ್ರೊಫೈಲ್ ತಯಾರಾಗುತ್ತದೆ. ಪೇಟೆಯಲ್ಲಿ ಮುಖ್ಯವಾಗಿ ಸಿಗುವುದು ಡೇಟಾಕಲರ್‌ನ ಸ್ಪೈಡರ್ ಸರಣಿ ಮತ್ತು ಕ್ಯಾಲಿಬ್ರೈಟ್ ಉಪಕರಣಗಳು. ಕ್ಯಾಲಿಬ್ರೈಟ್ ಹೊಸ ಹೆಸರೆಂದು ಹಿಂಜರಿಯಬೇಕಿಲ್ಲ. ಮೊದಲು ಎಕ್ಸ್-ರೈಟ್ ಹೆಸರಿನಲ್ಲಿ ಬರುತ್ತಿದ್ದ ಫೋಟೊಗ್ರಫಿ ಉಪಕರಣಗಳೇ 2021ರಿಂದ ಈ ಹೆಸರಿನಲ್ಲಿ ಬರುತ್ತಿವೆ.

ಸ್ಪೈಡರ್‌ಎಕ್ಸ್‌ನಲ್ಲಿ ಪ್ರೊ ಮತ್ತು ಎಲೀಟ್ ಎಂದು ಎರಡು ಬಂದಿದ್ದವು. ಒಳಗಿನ ಸೆನ್ಸರ್ ಒಂದೇ, ಬೆಲೆಯ ಅಂತರ ಸಾಫ್ಟ್‌ವೇರಿನದು. ಆ ಸಾಫ್ಟ್‌ವೇರ್ ಕೆಲಸವನ್ನು ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್ ಚೆನ್ನಾಗಿ ಮಾಡುತ್ತದೆ. ಅದರ ಒಳಗೆ ದುಡಿಯುವುದು ಆರ್ಗಿಲ್‌ಸಿಎಂಎಸ್. ಕೊಳ್ಳುವ ಮುನ್ನ ಆರ್ಗಿಲ್ ಬೆಂಬಲಿಸುವ ಉಪಕರಣಗಳ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ ನೋಡಿಕೊಳ್ಳಿ. ತೀರಾ ಹಳೆಯ ಸೆಕೆಂಡ್‌ಹ್ಯಾಂಡ್ ಕಲರಿಮೀಟರ್ ಮಾತ್ರ ಬೇಡ. ಅವುಗಳಲ್ಲಿ ಹಲವದರ ಫಿಲ್ಟರುಗಳು ಕಾಲಕ್ರಮೇಣ ಮಾಸುತ್ತವೆ, ನಮ್ಮ ಕಡಲ ಊರಿನ ತೇವದಲ್ಲಂತೂ ಕೇಳುವುದೇ ಬೇಡ.

ಇನ್ನೂ ದುಬಾರಿಯಾದ ಸ್ಪೆಕ್ಟ್ರೊಫೋಟೊಮೀಟರ್ ಪ್ರಿಂಟರಿನ ಕಾಗದವನ್ನೂ ಅಳೆಯುತ್ತದೆ. ಪ್ರಿಂಟ್ ಹೊರಗೆ ಮಾಡಿಸುವ ನಮಗೆ ಅದು ಬೇಕಿಲ್ಲ. ಲ್ಯಾಬಿನವರಿಂದ ಅವರ ಕಾಗದದ ಪ್ರೊಫೈಲ್ ಕೇಳಿ ಪಡೆದರೆ ಸಾಕು.

ಇನ್ನೊಂದು ಮಾತು, ಅಂಗಡಿಯವರು ಹೇಳದಿರುವುದು. ಪರದೆಗೆ ಇಲ್ಲದ ಬಣ್ಣವನ್ನು ಯಾವ ಉಪಕರಣವೂ ತಂದುಕೊಡದು. ಅಗ್ಗದ ಲ್ಯಾಪ್‌ಟಾಪುಗಳ ಎಷ್ಟೋ ಪರದೆಗಳು ಎಸ್‌ಆರ್‌ಜಿಬಿಯ ಬಣ್ಣಗಳನ್ನೇ ಪೂರ್ತಿ ತೋರಿಸಲಾರವು. ಮೊದಲು ಹೋಗುವುದೇ ಗಾಢ ಕೆಂಪು. ಅಂಥವರು ಆ ದುಡ್ಡನ್ನು ಒಂದು ಒಳ್ಳೆಯ ಐಪಿಎಸ್ ಮಾನಿಟರಿಗೆ ಹಾಕುವುದು ಮೇಲು, ಉಪಕರಣ ಆಮೇಲೆ.

ಅಳೆಯುವ ಮೊದಲು ಮಾನಿಟರ್ ಅರ್ಧ ಗಂಟೆ ಉರಿದಿರಲಿ. ನೈಟ್ ಲೈಟ್, ತಾನಾಗಿ ಬ್ರೈಟ್‌ನೆಸ್ ಬದಲಿಸುವ ಸೌಲಭ್ಯ ಎರಡನ್ನೂ ಆರಿಸಿ. ಪರದೆ ಎಲ್‌ಇಡಿಯೋ, ವೈಡ್ ಗ್ಯಾಮಟ್ಟೋ, ಓಎಲ್‌ಇಡಿಯೋ ಎಂಬುದನ್ನು ಸಾಫ್ಟ್‌ವೇರಿನಲ್ಲಿ ಸರಿಯಾಗಿ ಆರಿಸಿ; ಇಲ್ಲಿ ತಪ್ಪಿದರೆ ಎಷ್ಟು ಬೆಲೆಯ ಕಲರಿಮೀಟರೂ ತಪ್ಪನ್ನೇ ಅಳೆಯುತ್ತದೆ. ಬಿಳುಪು 6500 ಕೆಲ್ವಿನ್, ಗ್ಯಾಮಾ 2.2, ಬೆಳಕು ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸು. ಮೊದಲ ದಿನ ಪರದೆ ಮಂಕಾಯಿತು, ಹಳದಿಯಾಯಿತು ಅನ್ನಿಸುತ್ತದೆ. ಎರಡು ದಿನ ತಾಳಿ, ಕಣ್ಣು ಒಗ್ಗುತ್ತದೆ. ಪ್ರಿಂಟ್ ಕಪ್ಪಾಗಿ ಬಂತೆಂಬ ದೂರಿಗೆ ಹೆಚ್ಚಿನ ಸಲ ಕಾರಣ ವಿಪರೀತ ಬೆಳಗುವ ಪರದೆಯೇ.

ತಿಂಗಳಿಗೊಮ್ಮೆ ಅಳೆದರೆ ಸಾಕಾಗುವ ಸಾಧನ ಉಳಿದ ದಿನವೆಲ್ಲ ಕಪಾಟಿನಲ್ಲೇ ಇರುತ್ತದೆ. ಆದ್ದರಿಂದ ನಾವು ನಾಲ್ವರು ಸೇರಿ ಒಂದನ್ನೇ ಕೊಂಡಿದ್ದೇವೆ. ಸದ್ಯ ಅದು ಡೊಂಬಿವಿಲಿಯಲ್ಲಿದೆ, ಶನಿವಾರ ಮುಲುಂಡಿಗೆ ಹೋಗಬೇಕು.