ಸಿಹಿನೀರಿನ ದೋಣಿ ಉಪ್ಪುನೀರಿಗೆ: ಅಗ್ಗದ ಖರೀದಿಯ ಹಿಂದಿನ ಖರ್ಚು

ಲಿಂಗನಮಕ್ಕಿ ಹಿನ್ನೀರಿನಲ್ಲಿ ಓಡಿದ ಫೈಬರ್ ದೋಣಿಯೊಂದು ಕಡಿಮೆ ಬೆಲೆಗೆ ಮಾರಾಟಕ್ಕೆ ಬಂದರೆ, ಕರಾವಳಿಯ ಪ್ರವಾಸೋದ್ಯಮಿಗೆ ಅದು ಲಾಭದ ಸರಕೆಂದೇ ತೋರುತ್ತದೆ. ಶರಾವತಿಯು ಹೊನ್ನಾವರದಲ್ಲಿ ಕಡಲನ್ನು ಸೇರಿದರೂ ದೋಣಿಯು ಲಾರಿಯೇರಿಯೇ ಘಟ್ಟ ಇಳಿಯಬೇಕು. ಆ ಬಾಡಿಗೆಯನ್ನು ಖರೀದಿದಾರರು ತಪ್ಪದೆ ಲೆಕ್ಕ ಹಿಡಿಯುತ್ತಾರೆ. ಅನಂತರದ ಖರ್ಚನ್ನು ಹಿಡಿಯುವವರು ಕಡಿಮೆ.

ದೋಣಿಯ ಒಡಲಿಗೆ ಉಪ್ಪುನೀರಿನಿಂದ ವಿಶೇಷ ಹಾನಿಯಿಲ್ಲ. ವಾಸ್ತವವಾಗಿ ಜೆಲ್‌ಕೋಟ್ ಪದರದೊಳಕ್ಕೆ ಹೆಚ್ಚಾಗಿ ಜಿನುಗಿ ಗುಳ್ಳೆ ಎಬ್ಬಿಸುವುದು ಸಿಹಿನೀರೇ. ಗುಳ್ಳೆಯನ್ನು ಚುಚ್ಚಿದಾಗ ಹುಳಿವಾಸನೆಯ ದ್ರವ ಹೊರಬಂದರೆ, ಒಡಲನ್ನು ಒಣಗಿಸಿ ಎಪಾಕ್ಸಿ ಲೇಪಿಸುವ ವೆಚ್ಚವನ್ನು ಬೆಲೆಯಿಂದ ಕಳೆಯುವುದು ನ್ಯಾಯ.

ನಿಜವಾದ ಖರ್ಚಿರುವುದು ಲೋಹದ ಭಾಗಗಳಲ್ಲಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದು, ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ಎರಡು ಬಗೆಯ ಲೋಹಗಳು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ದುರ್ಬಲವಾದುದು ಸವೆಯುತ್ತದೆ. ಈ ಸವೆತವನ್ನು ತನ್ನ ಮೇಲೆಳೆದುಕೊಳ್ಳಲು ಕೂರಿಸುವ ಲೋಹದ ತುಂಡೇ ಆನೋಡ್. ಸಿಹಿನೀರಿಗೆ ಒಪ್ಪುವ ಮೆಗ್ನೀಸಿಯಂ ಆನೋಡ್ ಕಡಲಿನಲ್ಲಿ ಬಹುಬೇಗ ಕರಗಿಹೋಗುತ್ತದೆ. ಕಡಲಿಗೆ ಸತುವು ಸೂಕ್ತವಾದರೂ, ನಮ್ಮ ಅಳಿವೆಗಳು ಮಳೆಗಾಲದಲ್ಲಿ ಸಿಹಿಯಾಗಿ ಬೇಸಿಗೆಯಲ್ಲಿ ಉಪ್ಪಾಗುವುದರಿಂದ ಅಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಲೇಸು. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ನಿಷ್ಕ್ರಿಯವಾಗುತ್ತದೆ.

ಒಡಲನ್ನು ಹಾಯ್ದು ಕೂರುವ ಹಿತ್ತಾಳೆಯ ವಾಲ್ವುಗಳು ಇನ್ನೂ ಅಪಾಯಕರ. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ಸೆಳೆದು, ಉಳಿದ ತಾಮ್ರವನ್ನು ಪುಡಿಯಾಗುವಷ್ಟು ಸಡಿಲಗೊಳಿಸುತ್ತದೆ. ಒಂದು ವಾಲ್ವು ಮುರಿದರೂ ದೋಣಿ ಮುಳುಗೀತು. ಇಲ್ಲಿ ಕಂಚಿಗೆ ಬದಲು ಅಗ್ಗದ ಮಾಲು ಹಾಕುವುದು ಉಳಿತಾಯವಲ್ಲ. ಔಟ್‌ಬೋರ್ಡ್ ಎಂಜಿನ್ನನ್ನು ಪ್ರತಿ ಓಟದ ನಂತರ ಸಿಹಿನೀರಿನಿಂದ ತೊಳೆಯಬೇಕು. ವೈರಿಂಗಿಗೆ ತವರ ಲೇಪಿತ ತಾಮ್ರದ ತಂತಿ ಬೇಕು. ದೋಣಿ ಸದಾ ನೀರಿನಲ್ಲೇ ನಿಲ್ಲುವುದಾದರೆ ಚಿಪ್ಪುಜೀವಿಗಳು ಅಂಟದಂತೆ ತಡೆಯುವ ಬಣ್ಣವೂ ಅಗತ್ಯ.

2,000 ಕೆ.ಜಿ. ತೂಕದ ದೋಣಿಯು ಸಿಹಿನೀರಿನಲ್ಲಿ 2,000 ಲೀಟರ್ ನೀರನ್ನು ಸರಿಸಿದರೆ, ಕಡಲಿನಲ್ಲಿ ಸುಮಾರು 1,950 ಲೀಟರ್ ಸಾಕು. ದೋಣಿ ತುಸು ಮೇಲೆ ತೇಲುತ್ತದೆಂದು ಹೆಚ್ಚು ಜನರನ್ನು ಹತ್ತಿಸಲಾಗದು. ಕಡಲಿಗೆ ಅಲೆಗಳೂ ಇವೆ.

ಲೆಕ್ಕಪತ್ರದಲ್ಲಿ, ದೋಣಿಯನ್ನು ಮೊದಲ ಬಾರಿಗೆ ಕಡಲಿನ ಬಳಕೆಗೆ ಸಿದ್ಧಗೊಳಿಸಲು ತಗಲುವ ಸಾಗಾಣಿಕೆ, ವಾಲ್ವು, ವೈರಿಂಗ್ ವೆಚ್ಚಗಳು ದೋಣಿಯ ಮೂಲಬೆಲೆಗೆ ಸೇರತಕ್ಕವು. ಮುಂದೆ ಕಾಲಕಾಲಕ್ಕೆ ಬದಲಿಸುವ ಆನೋಡ್ ಮತ್ತು ಬಣ್ಣ ಆಯಾ ವರ್ಷದ ಖರ್ಚು. ಇವೆರಡನ್ನೂ ಒಂದೇ ಖಾತೆಗೆ ತುರುಕುವುದು ರೂಢಿಯಾಗಿದೆ. ಲೆಕ್ಕ ಪರಿಶೋಧನೆಯಲ್ಲಿ ಅದಕ್ಕೆ ಆಕ್ಷೇಪ ಬರುತ್ತದೆ.

ಕಾಗದಪತ್ರಗಳೂ ಬದಲಾಗಬೇಕು. 1917ರ ಕಾಯ್ದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕಾ ಕಾಯ್ದೆಯು ಒಳನಾಡಿನ ಜಲಪ್ರದೇಶಕ್ಕೆ ಸೀಮಿತ; ಅದರಡಿಯ ಪ್ರಮಾಣಪತ್ರವನ್ನು ಹಿಡಿದು ತೆರೆದ ಸಮುದ್ರಕ್ಕೆ ಇಳಿಯುವಂತಿಲ್ಲ. ವಿಮಾಪತ್ರದಲ್ಲಿ ಸಂಚಾರದ ವ್ಯಾಪ್ತಿ ಜಲಾಶಯವೆಂದೇ ಉಳಿದಿದ್ದರೆ ಕಡಲಿನಲ್ಲಾದ ನಷ್ಟಕ್ಕೆ ಪರಿಹಾರ ದೊರೆಯದು. ವ್ಯಾಪ್ತಿಯ ತಿದ್ದುಪಡಿಗೆ ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಬರುವವರೆಗೆ, ಪರೀಕ್ಷಾರ್ಥವಾಗಿ ಕಡಲಿನಲ್ಲಿ ಒಂದು ಸುತ್ತು ಹಾಕಿದರೂ ಅದು ಮಾಲೀಕರ ಸ್ವಂತ ಹೊಣೆಯ ಓಟವೇ ಆಗುತ್ತದೆ.